ಸಂಜೆಯ 90 ಪಿಂಗ್ 28ಕ್ಕೆ ಇಳಿದದ್ದು: ನನ್ನ ಅನುಭವ

"ವಿಪಿಎನ್ ಹಾಕಿದ್ರೆ ಪಿಂಗ್ ಕಮ್ಮಿ ಆಗುದಾ? ತಲೆ ಸರಿ ಉಂಟಾ ಮಾರಾಯ?" ನಮ್ಮ ಟೀಮಿನ ಹುಡುಗರು ಕೇಳಿದ್ದು ಇದನ್ನೇ. ಪಿಂಗ್ ಅಂದರೆ ಗೇಮ್ ಸರ್ವರ್‌ಗೆ ಸಂದೇಶ ಹೋಗಿ ಬರಲು ಹಿಡಿಯುವ ಮಿಲಿಸೆಕೆಂಡ್; ವಿಪಿಎನ್ ಅಂದರೆ ಇನ್ನೊಂದು ಸರ್ವರ್ ಮೂಲಕ ಹಾಯಿಸುವ ದಾರಿ, ಟನಲ್. ಈಗ ಅವರಲ್ಲಿ ಮೂವರು ನನ್ನ ಟನಲ್‌ನಲ್ಲೇ ಆಡುತ್ತಾರೆ. ಅದಕ್ಕೇ ಬರೆದುಬಿಡೋಣ ಅಂದುಕೊಂಡೆ.

ಮನೆ ಮಂಗಳೂರಿನ ಕುಳಾಯಿ. ಆಟ ವ್ಯಾಲರಂಟ್, ಸರ್ವರ್ ಮುಂಬೈ. ಬೆಳಿಗ್ಗೆ ಪಿಂಗ್ 40ರ ಆಸುಪಾಸು. ಸಂಜೆ ಏಳು ದಾಟಿದರೆ 90, ಕೆಲವು ದಿನ ಇನ್ನೂ ಜಾಸ್ತಿ. ಮಂಗಳೂರಿನಿಂದ ಮುಂಬೈಗೆ ನೇರ ಗೆರೆ ಎಳೆದರೆ 700 ಕಿ.ಮೀ. ಚಿಲ್ಲರೆ. ಫೈಬರ್‌ನಲ್ಲಿ ಹೋಗಿ ಬರಲು 7 ಮಿಲಿಸೆಕೆಂಡ್ ಸಾಕು. ಕೇಬಲ್ ನೇರ ಇರುವುದಿಲ್ಲ, ಘಟ್ಟ ಹತ್ತಿ ಬೆಂಗಳೂರು ನೋಡಿಕೊಂಡೇ ಹೋಗುತ್ತದೆ. ಆದರೂ 25ರ ಹತ್ತಿರ ಮುಗಿಯಬೇಕು, ಅಲ್ವಾ?

ದುಡ್ಡು ಮೊದಲು ಹೋದದ್ದು ಎಲ್ಲರ ಸಲಹೆಗೆ. 100 ಎಂಬಿಪಿಎಸ್‌ನಿಂದ 300ಕ್ಕೆ ಏರಿಸಿದೆ. ತಿಂಗಳಿಗೆ 400 ರೂಪಾಯಿ ಜಾಸ್ತಿ, ಪಿಂಗ್ ಅಲ್ಲೇ. ಬಣ್ಣದ ಲೈಟಿನ ಗೇಮಿಂಗ್ ರೌಟರ್‌ಗೆ ಎಂಟು ಸಾವಿರದಷ್ಟು. ಅದನ್ನು ಅರ್ಧ ಬೆಲೆಗೆ ಮಾರಿದೆ. ಪಿಂಗ್ ಇಳಿಸುತ್ತೇವೆ ಎನ್ನುವ ಒಂದು ಆಪ್‌ಗೆ ಚಂದಾ ಕಟ್ಟಿದೆ. ಅದರ ಸರ್ವರ್‌ಗೂ ನನ್ನ ಲೈನಿನಿಂದ ಅದೇ ಹಾಳು ದಾರಿ. ಇಂಟರ್ನೆಟ್‌ನವರಿಗೆ ಫೋನ್ ಮಾಡಿದರೆ "ಸ್ಪೀಡ್ ಟೆಸ್ಟ್ ಮಾಡಿ ಸಾರ್" ಎಂಬ ಉತ್ತರ. ಸ್ಪೀಡ್ ಟೆಸ್ಟಿನ ಸರ್ವರ್ ಊರಿನೊಳಗೇ ಇದ್ದರೆ 5 ತೋರಿಸದೆ ಮತ್ತೇನು ತೋರಿಸುತ್ತದೆ?

ಕೊನೆಗೆ ರಾತ್ರಿ ಕೂತು ವಿನ್‌ಎಂಟಿಆರ್ ಓಡಿಸಿದೆ. ಪ್ಯಾಕೆಟ್ ಯಾವ ಯಾವ ರೌಟರ್ (ಹಾಪ್) ದಾಟಿ ಹೋಗುತ್ತದೆ, ಪ್ರತಿಯೊಂದಕ್ಕೂ ಎಷ್ಟು ಹೊತ್ತು ಎಂದು ತೋರಿಸುವ ಟ್ರೇಸ್‌ರೂಟ್ ಸಾಧನ ಅದು. ಬೆಳಿಗ್ಗೆಯೂ ಸಂಜೆಯೂ ಹಾಪ್‌ಗಳು ಒಂದೇ: ಬೆಂಗಳೂರು, ಚೆನ್ನೈ, ಮುಂಬೈ. ಬೆಳಿಗ್ಗೆಯ 40ಕ್ಕೆ ಕಾರಣ ಈ ಚೆನ್ನೈ ಸುತ್ತು. ಆದರೆ ಸಂಜೆ ಒಂದು ವಿಚಿತ್ರ ಕಂಡಿತು. ಮುಂಬೈಯ ಮೊದಲ ಹಾಪ್‌ಗೆ 38, ಅದರ ಮುಂದಿನದಕ್ಕೆ 92. ಆ ರೌಟರ್ ಉತ್ತರಿಸಲು ಸೋಮಾರಿ ಎನ್ನೋಣ ಎಂದರೆ ಅದರ ಆಚೆಯ ಹಾಪ್‌ಗಳೆಲ್ಲ 90ರ ಮೇಲೇ. ಒಂದೇ ಊರಿನೊಳಗೆ 50 ಮಿಲಿಸೆಕೆಂಡ್ ಹೇಗೆ ಕಳೆಯುತ್ತದೆ? ಅಲ್ಲೇ ಗುಟ್ಟು. ಟ್ರೇಸ್‌ರೂಟ್ ತೋರಿಸುವುದು ಹೋಗುವ ದಾರಿ ಮಾತ್ರ. ಬರುವ ದಾರಿ ಬೇರೆ ಇರಬಹುದು.

ಮುಂಬೈಯಲ್ಲಿ ಒಂದು ಅಗ್ಗದ ವಿಪಿಎಸ್ (ಬಾಡಿಗೆಯ ಸಣ್ಣ ಸರ್ವರ್) ತೆಗೆದುಕೊಂಡು ಅಲ್ಲಿಂದ ನನ್ನ ವಿಳಾಸದ ಕಡೆಗೆ ಟ್ರೇಸ್ ಹಾಕಿದೆ. ಸಿಂಗಾಪುರ! ಮುಂಬೈಯಿಂದ ಹೊರಟ ಪ್ಯಾಕೆಟ್ ಸಮುದ್ರ ದಾಟಿ ಹೋಗಿ, ಚೆನ್ನೈಗೆ ಬಂದು, ಬೆಂಗಳೂರು ನೋಡಿ ಕುಳಾಯಿಗೆ ಬರುತ್ತಿತ್ತು. ಕಂಪನಿಗಳ ಜಾಲಗಳ ನಡುವೆ ದಾರಿ ಆರಿಸುವ ಬಿಜಿಪಿಗೆ ಮಿಲಿಸೆಕೆಂಡ್ ಗೊತ್ತಿಲ್ಲ. ಯಾವ ಲಿಂಕ್ ಅಗ್ಗ ಎಂಬ ವ್ಯವಹಾರ ಮೊದಲು, ಎಎಸ್ ಪಾತ್ (ದಾಟಬೇಕಾದ ಜಾಲಗಳ ಸಾಲು) ಎಷ್ಟು ಉದ್ದ ಎನ್ನುವುದು ಆಮೇಲೆ. ಸಿಂಗಾಪುರ ಸುತ್ತಿದರೂ ಅದರ ಲೆಕ್ಕದಲ್ಲಿ ಹತ್ತಿರವೇ.

ಹಾಗಾದರೆ ಬೇಕಾದದ್ದು ಇಷ್ಟೇ: ನನ್ನ ಇಂಟರ್ನೆಟ್‌ನವರ ಜೊತೆ ಮುಂಬೈಯಲ್ಲೇ ನೇರ ಪಿಯರಿಂಗ್ (ಜಾಲದಿಂದ ಜಾಲಕ್ಕೆ ನೇರ ಜೋಡಣೆ) ಇರುವ, ಎರಡೂ ಕಡೆ ಚಿಕ್ಕ ದಾರಿಯ ವಿಪಿಎಸ್. ಮೊದಲನೆಯದು ಟ್ರೇಸ್‌ಗೆ ಬಂತು, ಆಟಕ್ಕೆ ಬರಲಿಲ್ಲ. ಬೆಂಗಳೂರಿನದ್ದು ನನಗೆ 11ರಲ್ಲಿ ಸಿಗುತ್ತಿತ್ತು, ಆದರೆ ಅಲ್ಲಿಂದ ಮುಂಬೈಗೆ ಮತ್ತೆ ಚೆನ್ನೈ ಸುತ್ತು. ಆಮೇಲೆ ಸಿಕ್ಕಿದ್ದು ತಿಂಗಳಿಗೆ 450ರದ್ದು. ಮನೆಯಿಂದ ಅಲ್ಲಿಗೆ 25-26, ಅಲ್ಲಿಂದ ಗೇಮ್ ಸರ್ವರ್‌ಗೆ 2. ಆಟದಲ್ಲಿ 28. ಸಂಜೆಯೂ 28! ಸ್ಕ್ರೀನ್‌ಶಾಟ್ ಕಳಿಸಿದಾಗ ಗ್ರೂಪಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಯಾವ ಕಂಪನಿ ಎಂದು ಕೇಳಬೇಡಿ. ಎಲ್ಲರೂ ನುಗ್ಗಿದರೆ ನನ್ನ 28 ಉಳಿಯುವುದಿಲ್ಲ.

ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಇರುವ ಹಳೆಯ ರೌಟರ್‌ನಲ್ಲಿ ವೈರ್‌ಗಾರ್ಡ್ ಎಂಬ ವಿಪಿಎನ್ ಹಾಕಿದ್ದೇನೆ. ಟನಲ್‌ಗೆ ಹೋಗುವುದು ಗೇಮಿನ ವಿಳಾಸಗಳು ಮಾತ್ರ. ಅಮ್ಮನ ಸೀರಿಯಲ್ ಎಂದಿನ ದಾರಿಯಲ್ಲೇ ಬರುತ್ತದೆ. ವ್ಯಾಲರಂಟ್‌ನ ಕಂಪನಿ ರಯಟ್‌ನ ಜಾಲ ಎಎಸ್ 6507ರ ವಿಳಾಸಪಟ್ಟಿಯಿಂದ ಶುರು ಮಾಡಿ. ಪಟ್ಟಿಯನ್ನು ಹೇಗೆ ಸಣ್ಣದು ಮಾಡಿದೆ ಎನ್ನುವುದು ನನ್ನಲ್ಲೇ ಇರಲಿ. ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಜೋಡಿಸುವ) ಲೈನ್ ಆದರೆ ಟನಲ್‌ನ ಎಂಟಿಯು, ಅಂದರೆ ಪ್ಯಾಕೆಟ್‌ನ ಗರಿಷ್ಠ ಗಾತ್ರ, 1412 ಇಡಿ. ಪಿಂಗ್‌ಗೂ ಇದಕ್ಕೂ ಸಂಬಂಧವಿಲ್ಲ, ಆದರೆ ಲಾಗಿನ್ ಅರ್ಧಕ್ಕೆ ನಿಂತರೆ ಮೊದಲು ಇದನ್ನೇ ನೋಡಿ.

ಇದೇ ಟನಲ್ ಅನ್ನು ಕೌಂಟರ್ ಸ್ಟ್ರೈಕ್ 2ಕ್ಕೂ ಹಾಕಿ ನೋಡಿದೆ. ಹೇಳಿಕೊಳ್ಳುವಂಥ ಲಾಭ ಇಲ್ಲ. ವಾಲ್ವ್‌ನದ್ದು ಸ್ವಂತ ರಿಲೇ ಜಾಲ, ಜೊತೆಗೆ ಚೆನ್ನೈಯಲ್ಲೂ ಸರ್ವರ್ ಉಂಟು. ಅಲ್ಲಿಗೆ ಟನಲ್ ಇಲ್ಲದೆಯೇ 20 ಚಿಲ್ಲರೆ. ಇಷ್ಟು ದಿನ ಬೈದ ಚೆನ್ನೈ ದಾರಿ ಇಲ್ಲಿ ವರವಾಯಿತು. ಸುಮ್ನೆ 5ಜಿ ಹಾಟ್‌ಸ್ಪಾಟ್‌ನಲ್ಲೂ ಆಡಿದೆ. ಸರಾಸರಿ ಚೆನ್ನಾಗಿದೆ, ಆದರೆ ಪಿಂಗ್ ಏರಿಳಿಯುತ್ತಲೇ ಇರುತ್ತದೆ. ಮನೆಯಲ್ಲಿ ಯಾರಾದರೂ ಫೋಟೊ ಅಪ್‌ಲೋಡ್ ಮಾಡಿದಾಗ ಬರುವ ಜಿಗಿತ ಬೇರೆ ಕಾಯಿಲೆ. ಅದಕ್ಕೆ ರೌಟರ್‌ನ ಎಸ್‌ಕ್ಯುಎಂನಲ್ಲಿ (ಪ್ಯಾಕೆಟ್‌ಗಳ ಸರದಿ ನೋಡಿಕೊಳ್ಳುವ ಸೌಲಭ್ಯ) ಕೇಕ್ ಎಂಬ ವಿಧಾನ ಹಾಕಿ, ಅಪ್‌ಲೋಡ್ ಮಿತಿಯನ್ನು ನಿಜವಾದ ವೇಗಕ್ಕಿಂತ ಒಂಚೂರು ಕೆಳಗಿಡಿ.

ಈಗ 450ನ್ನು ನಾಲ್ವರು ಹಂಚಿಕೊಳ್ಳುತ್ತೇವೆ, ತಲೆಗೆ 110ರ ಆಸುಪಾಸು. ಮಣಿಪಾಲದ ಗೆಳೆಯನೊಬ್ಬ ಇದೇ ವಿಪಿಎಸ್‌ಗೆ ಸೇರಿ ನೋಡಿದ. ಅವನ ಲೈನ್ ಬೇರೆ ಕಂಪನಿಯದ್ದು. 36 ಇದ್ದದ್ದು 50 ದಾಟಿತು, ಬಿಟ್ಟುಬಿಟ್ಟ. ಹಾಗಾಗಿ ಇಡೀ ತಿಂಗಳಿನ ದುಡ್ಡು ಕಟ್ಟುವ ಮೊದಲು ಗಂಟೆ ಲೆಕ್ಕದ ವಿಪಿಎಸ್ ತೆಗೆದು, ಸಂಜೆ ಏಳರಿಂದ ಹನ್ನೊಂದರವರೆಗೆ ಎರಡೂ ಕಡೆಯಿಂದ ಟ್ರೇಸ್ ಹಾಕಿ ನೋಡಿ.