ಎದೆ ತಟ್ಟಿಕೊಂಡು ಮಾತನಾಡುವವರ ಮುಂದೆ ವೈರ್‌ಲೆಸ್ ಮೈಕ್

ಆ ಸಂದರ್ಶನ 40 ನಿಮಿಷದ್ದು. ಮಾತನಾಡಿದವರು ಹಿರಿಯರು, ಇನ್ನೊಮ್ಮೆ ಕೂರಿಸಿ ಅದನ್ನೇ ಹೇಳಿಸುವಂತಿರಲಿಲ್ಲ. ಅವರಿಗೊಂದು ಅಭ್ಯಾಸ: ‘ನಾನು’ ಎನ್ನುವಾಗಲೆಲ್ಲ ಎದೆ ತಟ್ಟಿಕೊಳ್ಳುವುದು. ನನ್ನ ಹೊಸ ವೈರ್‌ಲೆಸ್ ಮೈಕ್ ಇದ್ದದ್ದೂ ಸರಿಯಾಗಿ ಅಲ್ಲೇ. ಮನೆಗೆ ಬಂದು ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಪ್ರತಿ ‘ನಾನು’ವಿನ ಬೆನ್ನಿಗೊಂದು ಗುದ್ದು. ಎಣಿಸಿದೆ, 31. ಚಿತ್ರೀಕರಣದ ಹೊತ್ತಿನಲ್ಲಿ ಕ್ಯಾಮೆರಾದ ಪರದೆಯ ಮೇಲೆ ಧ್ವನಿಯ ಪಟ್ಟಿ ಕುಣಿಯುವುದನ್ನು ನೋಡಿ ಎಲ್ಲ ಸರಿಯಿದೆ ಎಂದುಕೊಂಡಿದ್ದೆ. ಆ ಪಟ್ಟಿಗೆ ಮಾತೂ ಒಂದೇ, ಗುದ್ದೂ ಒಂದೇ.

ಅದಕ್ಕೂ ಮೊದಲು ಕ್ಯಾಮೆರಾದ ಮೇಲಿನ ಮೈಕನ್ನೇ ನಂಬಿಕೊಂಡಿದ್ದೆ. ಅದು ಕೆಟ್ಟದ್ದೇನಲ್ಲ, ದೂರದಲ್ಲಿತ್ತು ಅಷ್ಟೆ. ಬಾಯಿಗೂ ಮೈಕಿಗೂ ನಡುವಿನ ದೂರ ಎರಡು ಪಟ್ಟಾದರೆ ನೇರವಾಗಿ ಬರುವ ಧ್ವನಿ 6 ಡೆಸಿಬಲ್ ಇಳಿಯುತ್ತದೆ. ಗೋಡೆಗೆ ಬಡಿದು ಬರುವ ಪ್ರತಿಧ್ವನಿ ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಹಾಗಾಗಿ ಆರಡಿ ಆಚೆಯಿಂದ ಹಿಡಿದ ಧ್ವನಿಯಲ್ಲಿ ಮನುಷ್ಯನಿಗಿಂತ ಕೋಣೆಯೇ ಹೆಚ್ಚು ಮಾತನಾಡುತ್ತದೆ. ವೈರ್‌ಲೆಸ್‌ನ ದೊಡ್ಡ ಉಪಕಾರವೆಂದರೆ ಮೈಕ್ ಬಾಯಿಯ ಹತ್ತಿರ ಬರುವುದು. ತಂತಿ ಕಾಲಿಗೆ ತೊಡರದಿರುವುದು ಆಮೇಲಿನ ಮಾತು.

ನಾನು ಮೈಕ್ ಸಿಕ್ಕಿಸುವುದು ಗದ್ದದಿಂದ ಸುಮಾರು ಒಂದು ಗೇಣು ಕೆಳಗೆ. ಕೊರಳಿನ ಬುಡಕ್ಕೇ ಹೋದರೆ ಗದ್ದದ ಮರೆಯಲ್ಲಿ ಧ್ವನಿ ಮಂಕಾಗುತ್ತದೆ. ಕ್ಲಿಪ್ಪಿನಲ್ಲೇ ಮೈಕೂ, ಧ್ವನಿಯನ್ನು ರೇಡಿಯೊ ಅಲೆಯಲ್ಲಿ ಕಳಿಸುವ ಟ್ರಾನ್ಸ್‌ಮಿಟರೂ ಇರುವ ಪುಟ್ಟ ಡಬ್ಬಿಯನ್ನು ತೆಳು ಬಟ್ಟೆಗೆ ಹಾಕಿದರೆ ಭಾರಕ್ಕೆ ಬಟ್ಟೆ ಜೋತುಬಿದ್ದು ಮೈಕಿಗೆ ಉಜ್ಜುತ್ತದೆ. ಅಂಥಲ್ಲಿ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿ, ಅದಕ್ಕೆ ತಂತಿಯ ಕಾಲರ್ ಮೈಕ್ ಜೋಡಿಸುತ್ತೇನೆ. ಮೈಕಿನ ಕೆಳಗೆ ತಂತಿಯನ್ನು ಒಂದು ಸಣ್ಣ ಸುತ್ತು ಸುತ್ತಿ ಬಟ್ಟೆಯ ಒಳಬದಿಗೆ ಟೇಪಿನಿಂದ ಅಂಟಿಸಿದರೆ ತಂತಿ ಎಳೆದಾಡುವ ಸದ್ದು ಅಲ್ಲಿಯೇ ನಿಲ್ಲುತ್ತದೆ. ಅಂದಕ್ಕೆಂದು ಮೈಕನ್ನು ಬಟ್ಟೆಯೊಳಗೆ ಬಚ್ಚಿಟ್ಟರೆ ಮೊದಲು ಹೋಗುವುದು ಸ, ಶಗಳ ಹರಿತ. ಹೊರಗಿಟ್ಟರೆ ಪ, ಫ, ಭಗಳ ಉಸಿರು ಬಂದು ಬಡಿಯುತ್ತದೆ. ಕಾಲರ್ ಮೈಕುಗಳಲ್ಲಿ ಹೆಚ್ಚಿನವು ಎಲ್ಲ ದಿಕ್ಕಿನ ಧ್ವನಿಯನ್ನೂ ಹಿಡಿಯುವಂಥವು. ಆದ್ದರಿಂದ ತಲೆಕೆಳಗಾಗಿ ಸಿಕ್ಕಿಸಿದರೂ ಮಾತಿಗೆ ನಷ್ಟವಿಲ್ಲ, ಉಸಿರು ಮಾತ್ರ ತಪ್ಪುತ್ತದೆ. ನೋಡಿದವರು ‘ಮೈಕ್ ತಿರುಗಿದೆ’ ಎಂದು ಎಚ್ಚರಿಸುತ್ತಾರೆ. ‘ಹೂಂ’ ಎಂದು ಸುಮ್ಮನಾಗುತ್ತೇನೆ.

ಗೇನ್, ಅಂದರೆ ಬಂದ ಧ್ವನಿಯನ್ನು ಎಷ್ಟು ಏರಿಸಬೇಕೆಂಬ ಮಟ್ಟ; ಅದರ ವಿಷಯದಲ್ಲಿ ಕೆಟ್ಟು ಕಲಿತದ್ದೇ ಹೆಚ್ಚು. ಕ್ಯಾಮೆರಾದ ಸ್ವಯಂಚಾಲಿತ ಗೇನ್ ಚಾಲೂ ಇದ್ದರೆ ಮಾತು ನಿಂತೊಡನೆ ಫ್ಯಾನಿನ ಸದ್ದು ಏರುತ್ತದೆ, ಮಾತು ಶುರುವಾದೊಡನೆ ತಗ್ಗುತ್ತದೆ. ಕೋಣೆಯೇ ಏದುಸಿರು ಬಿಡುತ್ತಿರುವಂತೆ ಕೇಳುತ್ತದೆ. ಅದನ್ನು ಆಫ್ ಮಾಡುತ್ತೇನೆ. ಆಮೇಲೆ ಟ್ರಾನ್ಸ್‌ಮಿಟರ್ ಕಳಿಸಿದ್ದನ್ನು ಹಿಡಿದು ಕ್ಯಾಮೆರಾಕ್ಕೆ ಕೊಡುವ ರಿಸೀವರ್‌ನ ಔಟ್‌ಪುಟ್ ಏರಿಸಿ ಕ್ಯಾಮೆರಾದ ಗೇನನ್ನು ಆದಷ್ಟು ಇಳಿಸುತ್ತೇನೆ, ಏಕೆಂದರೆ ಕ್ಯಾಮೆರಾದೊಳಗಿನ ಆಂಪ್ಲಿಫೈಯರ್ ಸಾಮಾನ್ಯವಾಗಿ ‘ಸುಂಯ್’ ಎನ್ನುವ ಜಾತಿಯದು. ಜೋರು ಮಾತು ಧ್ವನಿಯ ಪಟ್ಟಿಯಲ್ಲಿ ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿ ನಿಂತರೆ ನನಗೆ ನೆಮ್ಮದಿ. ಆ ಪಟ್ಟಿಯ ಮೇಲ್ತುದಿಯೇ ಸೊನ್ನೆ, ಅಲ್ಲಿ ಕತ್ತರಿಸಿಹೋದ ಧ್ವನಿಯ ತಲೆಯನ್ನು ಮತ್ತೆ ಅಂಟಿಸಲಾಗದು. ಈಗ ಕೆಲವು ಟ್ರಾನ್ಸ್‌ಮಿಟರ್‌ಗಳು 32 ಬಿಟ್ ಫ್ಲೋಟ್ ಎಂಬ, ಸೊನ್ನೆಯ ಆಚೆಗೂ ಜಾಗವಿರುವ ಬಗೆಯಲ್ಲಿ ತಮ್ಮೊಳಗೇ ರೆಕಾರ್ಡ್ ಮಾಡಿಕೊಳ್ಳುತ್ತವೆ. ಅದರಲ್ಲಿ ಒಂದು ಅಟ್ಟಹಾಸ ಸೊನ್ನೆ ದಾಟಿದರೂ ಆಮೇಲೆ ಕೆಳಗಿಳಿಸಿಕೊಳ್ಳಬಹುದು. ಬಟ್ಟೆಯ ಉಜ್ಜಾಟವನ್ನು ಮಾತ್ರ ಅದೂ ಅಷ್ಟೇ ನಿಷ್ಠೆಯಿಂದ ಬರೆದಿಡುತ್ತದೆ.

ಸಂಪರ್ಕ ತುಂಡಾಗುವ ಬಗ್ಗೆ ಜನ ಹೆದರುವಷ್ಟು ನಾನು ಹೆದರುವುದಿಲ್ಲ. ತುಂಡಾಗುವುದುಂಟು ನಿಜ: ಈ ಪುಟ್ಟ ಮೈಕುಗಳಲ್ಲಿ ಬಹುಪಾಲು 2.4 ಗಿಗಾಹರ್ಟ್ಸ್‌ನವು, ವೈಫೈ, ಬ್ಲೂಟೂತ್‌ಗಳೂ ಅದೇ ಓಣಿಯಲ್ಲಿ ಓಡಾಡುತ್ತವೆ. ಜೊತೆಗೆ ನೀರು ತುಂಬಿದ ನಮ್ಮ ಮೈ ಆ ಅಲೆಗಳನ್ನು ಹೀರುತ್ತದೆ. ಮಾತನಾಡುವವರು ಬೆನ್ನು ತಿರುಗಿಸಿ ನಡೆದರೆ ಮೈಯೇ ಗೋಡೆ. ರಿಸೀವರ್ ಕಣ್ಣಿಗೆ ಕಾಣುವಂತಿರಲಿ, ಟ್ರಾನ್ಸ್‌ಮಿಟರ್ ಇರುವ ಜೇಬಿನಲ್ಲಿ ಮೊಬೈಲ್ ಬೇಡ. ಟ್ರಾನ್ಸ್‌ಮಿಟರ್ ಒಳಗಿನ ರೆಕಾರ್ಡಿಂಗ್ ಚಾಲೂ ಇದ್ದರೆ ಉಳಿದದ್ದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ನನ್ನನ್ನು ನಿಜವಾಗಿ ಮುಳುಗಿಸಿದ್ದು ರಿಸೀವರ್‌ನಿಂದ ಹೊರಡುವ ಒಂದು ಗೇಣುದ್ದದ ಕೇಬಲ್. ಕ್ಯಾಮೆರಾಕ್ಕೆ ಹಾಕುವ ಪಿನ್ನಿನ ಮೇಲೆ ಎರಡು ಕಪ್ಪು ಉಂಗುರ, ಮೊಬೈಲಿನದರಲ್ಲಿ ಮೂರು. ಕ್ಯಾಮೆರಾದ ಕೇಬಲನ್ನು ಮೊಬೈಲಿಗೆ ಚುಚ್ಚಿ ಒಂದು ಗಂಟೆ ರೆಕಾರ್ಡ್ ಮಾಡಿದೆ. ಮೊಬೈಲ್ ಏನೂ ಹೇಳದೆ ತನ್ನ ಸ್ವಂತ ಮೈಕಿನಿಂದಲೇ ಎಲ್ಲವನ್ನೂ ಕೇಳಿಸಿಕೊಂಡಿತ್ತು. ಅಂದಿನಿಂದ ಶುರುಮಾಡುವ ಮುನ್ನ ಕಾಲರ್ ಮೈಕನ್ನು ಉಗುರಿನಿಂದ ಮೆಲ್ಲಗೆ ಕೆರೆಯುತ್ತೇನೆ, ಹತ್ತು ಸೆಕೆಂಡು ರೆಕಾರ್ಡ್ ಮಾಡಿ ಕೇಳುತ್ತೇನೆ. ಕರಕರ ಎಂದು ಜೋರಾಗಿ ಬಂದರೆ ಅದೇ ಮೈಕ್.

ಪಾಡ್‌ಕಾಸ್ಟ್ ಬಗ್ಗೆ ಒಂದು ಮಾತು. ಇಬ್ಬರು ಮೇಜಿನ ಮುಂದೆ ಅಲುಗಾಡದೆ ಕೂರುವುದಾದರೆ ವೈರ್‌ಲೆಸ್ ಯಾಕೆ? ವೇದಿಕೆಯ ಹಾಡುಗಾರರು ಕೈಯಲ್ಲಿ ಹಿಡಿಯುವ ಬಗೆಯ, ತಂತಿಯ ಡೈನಾಮಿಕ್ ಮೈಕನ್ನು ಬಾಯಿಯ ಹತ್ತಿರಕ್ಕೆ ತಂದರೆ ಕೋಣೆ ತಾನಾಗಿ ಹಿಂದೆ ಸರಿಯುತ್ತದೆ. ವೈರ್‌ಲೆಸ್ಸೇ ಬೇಕೆಂದರೆ ಇಬ್ಬರದ್ದೂ ಬೇರೆ ಬೇರೆ ಟ್ರ್ಯಾಕಿನಲ್ಲಿರಲಿ. ಒಬ್ಬರ ದನಿ ಇನ್ನೊಬ್ಬರ ಮೈಕಿಗೂ ಕೊಂಚ ತಡವಾಗಿ ತಲುಪುತ್ತದೆ. ಎರಡನ್ನೂ ಒಂದೇ ಟ್ರ್ಯಾಕಿಗೆ ಸುರಿದಾಗ ನನ್ನ ಅತಿಥಿ ಡಬ್ಬಿಯೊಳಗೆ ಕುಳಿತು ಮಾತನಾಡಿದಂತಿತ್ತು. ಬೇರೆ ಬೇರೆ ಇದ್ದರೆ ಸುಮ್ಮನಿರುವವರ ಟ್ರ್ಯಾಕನ್ನು ತಗ್ಗಿಸಬಹುದು.

ಇನ್ನು ಆ 31 ಗುದ್ದುಗಳು. 80 ಹರ್ಟ್ಸ್‌ಗಿಂತ ಕೆಳಸ್ಥಾಯಿಯ ಸದ್ದನ್ನು ಕತ್ತರಿಸಿದಾಗ ಗುದ್ದಿನ ಬುಡ ಹೋಯಿತು, ಮೇಲಿನ ‘ಟಪ್’ ಉಳಿಯಿತು. ಸದ್ದು ಅಳಿಸುವ ಸಾಧನವನ್ನು ಜೋರಾಗಿ ಬಿಟ್ಟರೆ ಅವರು ನೀರೊಳಗಿನಿಂದ ಮಾತನಾಡತೊಡಗಿದರು, ಅದನ್ನು ಕೈಬಿಟ್ಟೆ. ಪದಗಳ ನಡುವೆ ಬಿದ್ದವನ್ನು ಒಂದೊಂದಾಗಿ ಕತ್ತರಿಸಿ, ಆ ಜಾಗಕ್ಕೆ ಕೋಣೆಯ ಮೌನವನ್ನು ತುಂಬಿದೆ. ಅದೃಷ್ಟಕ್ಕೆ ಕೊನೆಯಲ್ಲಿ ಅರ್ಧ ನಿಮಿಷ ಯಾರೂ ಮಾತನಾಡದ ಸದ್ದು ರೆಕಾರ್ಡ್ ಆಗಿತ್ತು. ‘ನಾನು’ವಿನ ಮೇಲೆಯೇ ಬಿದ್ದ ಒಂಬತ್ತು ಈಗಲೂ ಆ ವಿಡಿಯೊದಲ್ಲಿವೆ.

ಈಗ ಅತಿಥಿಗಳು ಬಂದು ಕುಳಿತೊಡನೆ ಮೈಕ್ ಹಾಕುವುದಿಲ್ಲ. ಅವರಿಗೆ ಇಷ್ಟದ ಯಾವುದಾದರೂ ವಿಷಯ ತೆಗೆದು ಎರಡು ನಿಮಿಷ ಮಾತನಾಡಿಸುತ್ತೇನೆ, ಕಣ್ಣು ಅವರ ಕೈಗಳ ಮೇಲೆ. ಕಳೆದ ಬಾರಿ ಬಂದವರು ಮಾತಿನ ನಡುವೆ ಕನ್ನಡಕ ತೆಗೆದು ಅಂಗಿಯ ಬಲತುದಿಯಿಂದ ಒರೆಸಿಕೊಳ್ಳುತ್ತಿದ್ದರು. ಮೈಕನ್ನು ಎಡಬದಿಗೆ ಸಿಕ್ಕಿಸಿದೆ.