ಎರಡು ಊರು, ಒಂದು ಗಾಡಿ: ಬೆಳಗಾವಿ–ವಿಜಯಪುರದ ನನ್ನ ಅನುಭವ

ಇರಲಿಕ್ಕೆ ಬೆಳಗಾವಿ, ನೋಡಲಿಕ್ಕೆ ವಿಜಯಪುರ. ನಮ್ಮ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಈ ಮಾತು ಬಾರದ ದಿನವಿಲ್ಲ. ಹಳದಿ ಬೋರ್ಡಿನ ಎರ್ಟಿಗಾ ಇಟ್ಟುಕೊಂಡು ಎರಡೂ ಊರಲ್ಲಿ ಸಂಸಾರ ಮಾಡಿದವನು ನಾನು. ಆ ಮಾತು ಅರ್ಧ ಮಾತ್ರ ಖರೆ. ಹೋಲಿಸಬೇಕಾದ್ದು ಊರನ್ನಲ್ಲ, ತಿಂಗಳನ್ನ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ತನಕ ನನ್ನ ಗಾಡಿ ಬೆಳಗಾವಿಯಲ್ಲಿ, ದಸರೆ ಹೊತ್ತಿಗೆ ಮತ್ತೆ ವಿಜಯಪುರ. ಶುರು ಮಾಡಿದಾಗ ನಮ್ಮಣ್ಣನೇ ಅಂದಿದ್ದ: "ಎರಡು ದೋಣ್ಯಾಗ ಕಾಲಿಟ್ಟಾಂವ ಯಾವ ದಂಡಿಗೆ ಮುಟ್ಯಾನೋ ತಮ್ಮಾ?" ಈಗ ಗಾಡಿ ಸಾಲ ತೀರಿದೆ, ಎರಡು ಮನೆ ನಡೆದಿವೆ, ಅಣ್ಣನೇ ತನ್ನ ಮಗನಿಗೆ ಗಾಡಿ ಕೊಡಿಸುವ ಲೆಕ್ಕ ಕೇಳಲು ಬರುತ್ತಾನೆ.

ಇದಕ್ಕೂ ಮೊದಲು ಬೇರೆ ದಾರಿಗಳನ್ನೆಲ್ಲ ನೋಡಿದ್ದೆ. ವಿಜಯಪುರದಲ್ಲಿದ್ದುಕೊಂಡೇ ಬೆಳಗಾವಿ ಬಾಡಿಗೆ ಹಿಡಿದೆ. ಹೋಗಲಿಕ್ಕೆ ಸುಮಾರು 200 ಕಿಲೋಮೀಟರ್ ಖಾಲಿ, ಬರಲಿಕ್ಕೂ ಅಷ್ಟೇ. ಡೀಸೆಲ್ಲೇ ಹತ್ತಿರ ಹತ್ತಿರ 2,000 ರೂಪಾಯಿ. ಗೋಕಾಕ ಒಂದು ದಿನದ ಟ್ರಿಪ್ಪಿಗೆ ಗಿರಾಕಿ ಕೊಡುವುದು ಮೂರೂವರೆ ಸಾವಿರ. ಊಟ, ಟೈರು, ರಾತ್ರಿ ಹಾಲ್ಟ್ ಕಳೆದರೆ ಕೈಯಾಗ ಉಳಿಯೋದು ಚಹಾ ರೊಕ್ಕ.

ಆಮೇಲೆ ಬೆಳಗಾವಿಯಲ್ಲಿ ಡ್ರೈವರ್ ಇಟ್ಟೆ. ಸಂಬಳ 15 ಸಾವಿರ, ಮೇಲೆ ಭತ್ಯೆ. ತಿಂಗಳ ಕೊನೆಗೆ ಮೀಟರ್ ಓಡಿದ ಕಿಲೋಮೀಟರಿಗೂ ಕೈಗೆ ಬಂದ ರೊಕ್ಕಕ್ಕೂ ತಾಳೆಯಾಗಲಿಲ್ಲ. ಚೋರ್ಲಾ ಘಾಟಿನಲ್ಲಿ ಕ್ಲಚ್ ಸುಟ್ಟು 12 ಸಾವಿರದ ಬಿಲ್ ಬಂತು. ಗಾಡಿ ಇದ್ದವನೇ ಸ್ಟೇರಿಂಗ್ ಹಿಡಿಯಬೇಕು, ಒಂದೇ ಗಾಡಿಯವರಿಗೆ ಬೇರೆ ಲೆಕ್ಕ ಕೂಡೋದಿಲ್ಲ.

ಮೂರನೆಯದು ಒಂದೇ ದಿನದಲ್ಲಿ ಎರಡೂ ಊರಿನ ಪ್ಯಾಕೇಜು. ಬೆಳಗಾವಿಯಿಂದ ನಸುಕಿನ ನಾಲ್ಕಕ್ಕೆ ಬಿಟ್ಟರೂ ನಾಷ್ಟಾ, ಚಹಾ, ಚಿಕ್ಕಪಡಸಲಗಿ ಸೇತುವೆ ಮೇಲೆ ಕೃಷ್ಣೆಯ ಫೋಟೋ ಅಂತ ಗೋಳಗುಮ್ಮಟ ಮುಟ್ಟುವಾಗ ಹನ್ನೊಂದು. ಆ ಹೊತ್ತಿಗೆ ಒಳಗೆ ಶಾಲೆ ಹುಡುಗರ ಕೂಗು. ಪಿಸುಮಾತು ಕೇಳಲು ಬಂದವರು ಕಿವಿ ಮುಚ್ಚಿಕೊಂಡು ಇಳಿದರು. ಈ ಪ್ಯಾಕೇಜಿಗೆ ಗಿರಾಕಿ ಕೊಡಿಸಿದ ಏಜೆಂಟನಿಂದ 30 ಸಾವಿರದಷ್ಟು ಬಾಕಿ ಇನ್ನೂ ಬಂದಿಲ್ಲ.

ದಾರಿ ತೋರಿಸಿದ್ದು ಮಗನ ಖರ್ಚು. ಅವನು ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಸೇರಿದ. ಪಿಜಿ, ಮೆಸ್ ಸೇರಿ ತಿಂಗಳಿಗೆ ಒಂಬತ್ತು ಸಾವಿರದ ಮೇಲೆ. ವಡಗಾವಿ ಕಡೆ ಎರಡು ಖೋಲಿಯ ಮನೆ ತಿಂಗಳಿಗೆ ಏಳು–ಏಳೂವರೆ ಸಾವಿರಕ್ಕೆ ಸಿಕ್ಕಿತು, ಡಿಪಾಜಿಟ್ 40 ಸಾವಿರ. ಆರೇ ತಿಂಗಳಿಗೆ ಯಾರೂ ಮನೆ ಕೊಡೋದಿಲ್ಲ, ವರ್ಷಪೂರ್ತಿ ಹಿಡಿಯಬೇಕು. ನಾವಿಲ್ಲದಾಗ ಮಗ, ಅವನ ಜೋಡಿ ಒಬ್ಬ ಗೆಳೆಯ ಇರುತ್ತಾರೆ, ಗೆಳೆಯನ ಪಾಲು ಬಾಡಿಗೆಗೆ ಬರುತ್ತದೆ. ವಿಜಯಪುರದ ಮನೆ ಸ್ವಂತದ್ದು.

ಬೆಳಗಾವಿಯ ದುಡಿಮೆ ಬೇಸಿಗೆಯಿಂದಲೇ ಶುರು. ಏಪ್ರಿಲ್ ಬಂತೆಂದರೆ ವಿಜಯಪುರದಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಉಪ್ಪಲಿ ಬುರುಜಿನ ಮೆಟ್ಟಿಲು ಹೊರಮೈಗೆ ಸುತ್ತಿಕೊಂಡಿವೆ, ಮಟಮಟ ಮಧ್ಯಾಹ್ನ ಅದನ್ನು ಹತ್ತಿಸಿದರೆ ಗಿರಾಕಿ ಸಂಜೆಗೆ ಮಾತೇ ಆಡೋದಿಲ್ಲ. ಅದೇ ಹೊತ್ತಿಗೆ ಬೆಳಗಾವಿಯಲ್ಲಿ ಲಗ್ನದ ಬಾಡಿಗೆ, ರಜೆಯ ಗೋವಾ ಬಾಡಿಗೆ. ಊರು ಸಮುದ್ರಮಟ್ಟದಿಂದ 750 ಮೀಟರ್ ಎತ್ತರ, ಸಂಜೆ ಆರಕ್ಕೆ ಕ್ಯಾಂಪಿನ ಮರಗಳ ಕೆಳಗೆ ಗಾಡಿ ಹಚ್ಚಿ ಎಸಿ ಆರಿಸಿ ಕೂರಬಹುದು. ಜೂನ್ ದಾಟಿತೋ, ಗೋಕಾಕ, ಗೊಡಚಿನಮಲ್ಕಿ, ಆಂಬೋಲಿ ಜಲಪಾತಗಳ ಬಾಡಿಗೆ. ಗೋಕಾಕದಲ್ಲಿ ಘಟಪ್ರಭೆ 52 ಮೀಟರ್ ಮೇಲಿಂದ ಧುಮುಕುತ್ತದೆ, ಆಗಸ್ಟಿನಲ್ಲಿ ನೀರು ರಾಡಿಗೆಂಪು. ಭಾನುವಾರ ಅಲ್ಲಿಗೆ ಹೋಗಬೇಡಿ, ವಾರದ ನಡುವೆ ಹೋಗಿ. ಆಂಬೋಲಿ ಇರೋದು ಮಹಾರಾಷ್ಟ್ರದಲ್ಲಿ, ಗಡಿ ದಾಟುವ ಮೊದಲು ಗಾಡಿಯ ಪರ್ಮಿಟ್ ನೋಡಿಕೊಳ್ಳಿ.

ಆದರೆ ಮಳೆಗಾಲದ ಬೆಳಗಾವಿ ಇರಲಿಕ್ಕೆ ಸುಖದ ಊರು ಅಂತ ನಾನು ಹೇಳಲಾರೆ. ವರ್ಷಕ್ಕೆ 1,300 ಮಿಲಿಮೀಟರಿನಷ್ಟು ಮಳೆ, ವಿಜಯಪುರಕ್ಕೆ ಅದರ ಅರ್ಧವೂ ಇಲ್ಲ. ಅರಿವೆ ಮೂರು ದಿನವಾದರೂ ಒಣಗೋದಿಲ್ಲ. ಜೋಳದ ಹಿಟ್ಟು ಮುಗ್ಗಸು ಹಿಡಿಯುತ್ತದೆ, ಸೀಟಿನ ಕವರಿಗೆ ಬೂಸರು ಬರುತ್ತದೆ. ನಮ್ಮ ಮನೆಯಾಕೆ ಜುಲೈ–ಆಗಸ್ಟ್ ವಿಜಯಪುರಕ್ಕೇ ಹೋಗಿಬಿಡುತ್ತಾಳೆ. "ನಿಮ್ಮ ಫಾಲ್ಸು ನೀವs ನೋಡ್ರಿ, ನನ್ನ ರೊಟ್ಟಿ ಅಲ್ಲೆ ನೆಟ್ಟಗ ಆಗತಾವು" ಅನ್ನುತ್ತಾಳೆ, ಅದೂ ಖರೇನೆ. ಸೀಟಿನ ಬೂಸರಿಗೆ ನಾನೊಂದು ಉಪಾಯ ಕಂಡುಕೊಂಡಿದ್ದೇನೆ, ಐದು ರೂಪಾಯಿ ಖರ್ಚು. ಅದನ್ನು ಇಲ್ಲಿ ಬರೆಯೋದಿಲ್ಲ, ಆ ಸುದ್ದಿ ನಮ್ಮ ಸ್ಟ್ಯಾಂಡಿನಲ್ಲೇ ಇರಲಿ.

ಬೆಳಗಾವಿ ನೋಡಲಿಕ್ಕೆ ಏನಿದೆ ಅಂತ ಮೂಗು ಮುರಿಯುವ ಗಾಡಿಯವರ ಮೇಲೆ ನನಗೆ ಸಿಟ್ಟಿದೆ. ಕೋಟೆಯೊಳಗೆ 1204ರ ಕಮಲ ಬಸದಿ ಇದೆ. ಗಿರಾಕಿಯನ್ನು ಒಳಗೆ ಕರೆದೊಯ್ದು "ಮ್ಯಾಲ ನೋಡ್ರಿ" ಅಂತ ಮಾತ್ರ ಹೇಳಿ. ಛಾವಣಿಯಿಂದ ಇಳಿಬಿದ್ದ ಕಲ್ಲಿನ ಕಮಲ ನೋಡಿ ಸುಮ್ಮನಾಗದವರನ್ನು ನಾನು ಕಂಡಿಲ್ಲ. ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದ ಏಕೈಕ ಕಾಂಗ್ರೆಸ್ ಅಧಿವೇಶನ 1924ರಲ್ಲಿ ಟಿಳಕವಾಡಿಯಲ್ಲೇ ನಡೆದದ್ದು, ಅದರ ನೆನಪಿನ ವೀರಸೌಧವನ್ನು ಅರ್ಧ ತಾಸಿನಲ್ಲಿ ತೋರಿಸಬಹುದು.

ಅಕ್ಟೋಬರ್ ಬಂದರೆ ವಿಜಯಪುರದ ಮುಂದೆ ಯಾವ ಊರೂ ನಿಲ್ಲೋದಿಲ್ಲ. ನನ್ನ ಪದ್ಧತಿಯ ಜೀವಾಳ ಬೆಳಗಿನ ಆರು ಗಂಟೆ. ಗಿರಾಕಿ ಹಿಂದಿನ ರಾತ್ರಿಯೇ ಊರಲ್ಲಿರಬೇಕು. ಗೋಳಗುಮ್ಮಟದ ಬಾಗಿಲು ತೆರೆಯುತ್ತಲೇ ಮೂಲೆಯ ಮಿನಾರಿನ ಇಕ್ಕಟ್ಟಾದ ಮೆಟ್ಟಿಲು ಹತ್ತಿಸುತ್ತೇನೆ. ಮೇಲೆ ಹೋದ ಮೇಲೆ ಯಾರೂ ಮಾತಾಡಬಾರದು ಅನ್ನೋದು ನನ್ನ ಷರತ್ತು. ಗ್ಯಾಲರಿಯ ಈಚೆ ನಿಂತು ಕಿಸೆಯಿಂದ ಬಸ್ ಟಿಕೇಟು ತೆಗೆದು ಹರಿಯುತ್ತೇನೆ. ಸುಮಾರು 38 ಮೀಟರ್ ಆಚೆ ಗೋಡೆಗೆ ಕಿವಿಕೊಟ್ಟ ಗಿರಾಕಿಗೆ ಕಾಗದ ಹರಿದದ್ದು ತನ್ನ ಹೆಗಲ ಹಿಂದೆಯೇ ಅನ್ನಿಸುತ್ತದೆ. 1656ರ ಕಟ್ಟಡ, ನಡುವೆ ಒಂದೂ ಕಂಬವಿಲ್ಲದ ಗುಮ್ಮಟ. ಪುಣೆಯ ಒಬ್ಬ ಹಿರಿಯರು ಅಲ್ಲೇ ಕಣ್ಣೊರೆಸಿಕೊಂಡರು. ಆ ಒಂದು ಗಳಿಗೆಯಿಂದ ನನಗೆ ಬಂದ ಗಿರಾಕಿಗಳು ಯಾವ ಜಾಹೀರಾತಿನಿಂದಲೂ ಬಂದಿಲ್ಲ. ಇಬ್ರಾಹಿಂ ರೋಜಾಕ್ಕೆ ಎಷ್ಟು ಗಂಟೆಗೆ, ಯಾವ ಬದಿಯಿಂದ ಒಯ್ಯಬೇಕು ಅನ್ನೋದು ನನ್ನ ಹೊಟ್ಟೆಪಾಡಿನ ಗುಟ್ಟು. ಮಲಿಕ್-ಎ-ಮೈದಾನ್ ತೋಪು, ಬಾರಾ ಕಮಾನ್, ಜೋಡ ಗುಮ್ಮಟಗಳಿಗೆ ಗಡಿಬಿಡಿ ಬೇಡ, ಊಟದ ಮೇಲೆ ಸಾಕು.

ಇರಲಿಕ್ಕೂ ಚಳಿಗಾಲದ ವಿಜಯಪುರ ಅಗ್ಗ, ಸರಳ. ಎಲ್ಲವೂ ಹತ್ತು ನಿಮಿಷದ ದಾರಿ, ಗಾಡಿ ನಿಲ್ಲಿಸಲು ಜಾಗಕ್ಕೆ ಹೊಡೆದಾಟವಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ. ನಮ್ಮ ಮನೆಖರ್ಚು ಬೆಳಗಾವಿಗಿಂತ ತಿಂಗಳಿಗೆ ನಾಲ್ಕೈದು ಸಾವಿರ ಕಡಿಮೆ. ಕೊರತೆ ನೀರಿನದು, ನಮ್ಮ ಓಣಿಯಲ್ಲಿ ಡ್ರಮ್ ತುಂಬಿಡದಿದ್ದರೆ ನಡೆಯೋದಿಲ್ಲ. ದೊಡ್ಡ ಕಾಯಿಲೆ, ದೊಡ್ಡ ಕಾಲೇಜು ಅಂದರೆ ನಮ್ಮ ಮಂದಿ ಇವತ್ತಿಗೂ ಬೆಳಗಾವಿ, ಸೊಲ್ಲಾಪುರದ ಕಡೆ ನೋಡುತ್ತಾರೆ.

ನಡುವೆ ಒಂದು ಪ್ರಯೋಗ ಮಾಡಿದೆ. ಬೆಳಗಾವಿಗೆ ಹೋಗುವಾಗ ಡಿಕ್ಕಿಯಲ್ಲಿ ತಿಕೋಟಾ ಕಡೆಯ ಒಣದ್ರಾಕ್ಷಿ ಡಬ್ಬಿ, ಬರುವಾಗ ಕುಂದಾ. ಒಣದ್ರಾಕ್ಷಿ ಕಿಲೋಕ್ಕೆ 50–60 ರೂಪಾಯಿ ಉಳಿಸಿಕೊಟ್ಟಿತು, ಲಗ್ನದ ಮನೆಯವರು ಡಬ್ಬಿಗಟ್ಟಲೆ ಒಯ್ದರು. ಕುಂದಾ ಮೇ ತಿಂಗಳ ಬಿಸಿಲಿಗೆ ಹುಳಿ ಬಂತು. ಈಗ ಚಳಿಗಾಲದಲ್ಲಿ ಮಾತ್ರ ಕುಂದಾ.

ಡಿಸೆಂಬರಿನಲ್ಲಿ ಸುವರ್ಣಸೌಧದ ಅಧಿವೇಶನಕ್ಕೆ ಬೆಳಗಾವಿಯಲ್ಲಿ ಗಾಡಿಗೆ ಹೆಚ್ಚು ರೇಟು ಸಿಗುತ್ತದೆ ಅಂತ ಹಲವರು ಓಡುತ್ತಾರೆ. ನಾನು ಹೋಗೋದಿಲ್ಲ. ಬಿಲ್ಲು ತಡವಾಗುತ್ತದೆ, ಇತ್ತ ನನ್ನ ಬೆಳಗಿನ ಆರು ಗಂಟೆಯ ಗಿರಾಕಿ ಬೇರೆಯವರ ಪಾಲಾಗುತ್ತಾನೆ.

ನಿವೃತ್ತಿಯಾದವರು ಸೈಟು ಎಲ್ಲಿ ತೊಗೊಳ್ಳಲಿ ಅಂತ ಕೇಳುತ್ತಾರೆ. ಮೊಣಕಾಲು ನೋವಿದ್ದವರು, ತಂಪಿಗೆ ಕೆಮ್ಮು ಬರುವವರು ವಿಜಯಪುರದಲ್ಲಿರಿ. ಬಿಸಿಲಿಗೆ ತಲೆಸುತ್ತುವವರು, ಮಕ್ಕಳು ಬೆಂಗಳೂರು–ಪುಣೆಯಿಂದ ಪದೇ ಪದೇ ಬರುವವರು ಬೆಳಗಾವಿಗೆ ಹೋಗಿ. ನನ್ನಂತೆ ಎರಡೂ ಕಡೆ ಇರುವ ಮನಸ್ಸಿದ್ದರೆ ಬೆಳಗಾವಿಯ ಮನೆಯನ್ನು ಫೆಬ್ರುವರಿಯಲ್ಲೇ ಹುಡುಕಿ. ಕಾಲೇಜು ಪ್ರವೇಶ ಶುರುವಾದ ಮೇಲೆ ಅದೇ ಮನೆಗೆ ಸಾವಿರ, ಸಾವಿರದೈನೂರು ಹೆಚ್ಚಿಗೆ ಕೇಳುತ್ತಾರೆ. ಮನೆ ನೋಡುವಾಗ ಒಂದೇ ಒಂದು ಪರೀಕ್ಷೆ: ಪಡುವಣ ಗೋಡೆಗೆ ಅಂಗೈ ಇಟ್ಟು ನೋಡಿ. ಫೆಬ್ರುವರಿಯಲ್ಲೂ ಸುಣ್ಣ ಉದುರಿ ಕೈಗೆ ಹತ್ತಿದರೆ ಅಡ್ವಾನ್ಸು ಕೊಡಬೇಡಿ, ಜುಲೈಗೆ ಅದರೊಳಗೆ ನೀರು ಬರುತ್ತದೆ.