ಮಹಿಳಾ ದಿನಾಚರಣೆಗೆ ಕಾರೊಲಿನಾ ಆಂಜೆಲೊ ಕತಿ ಹೇಳೋದು ಹೆಂಗ

ಮಾರ್ಚ್ 8 ಬಂತಂದ್ರ ನಮ್ಮ ಕೊಪ್ಪಳ ಕಡೆ ಸಂಘದ ಹೆಣ್ಮಕ್ಕಳ ಮುಂದ ಎರಡು ಮಾತಾಡ್ರಿ ಅಂತ ಯಾರರ ಹಿಡೀತಾರ. ಹೋದ ವರ್ಷ ನಾನು ಚೀಟಿ ಹಿಡ್ಕೊಂಡು, ಪೋರ್ಚುಗಲ್ಲಿನಾಗ ವೋಟು ಹಾಕಿದ ಮೊದಲ ಹೆಣ್ಮಗಳು ಕಾರೊಲಿನಾ ಬೆಯಾಟ್ರಿಸ್ ಆಂಜೆಲೊ 1878ರಾಗ ಅಲ್ಲಿನ ಗ್ವಾರ್ದಾದಾಗ ಹುಟ್ಟಿದ್ಲು ಅಂತ ಶುರು ಹಚ್ಕೊಂಡೆ, ಎರಡನೇ ಸಾಲಿಗೇ ಎಲ್ಲಾರ ಕಣ್ಣು ಒಗ್ಗರಣಿ-ಮಿರ್ಚಿ ಕಡೆ ಹೋತು. ಹಂಗ ಮಾಡಬ್ಯಾಡ್ರಿ.

ಗೃಹಲಕ್ಷ್ಮಿಯಿಂದ ಶುರು ಮಾಡ್ರಿ. ರೇಷನ್ ಕಾರ್ಡಿನ್ಯಾಗ ಮನಿ ಯಜಮಾನಿ ಯಾರ್ಯಾರು ಅಂತ ಕೇಳ್ರಿ, ಕೈ ಎತ್ತತಾರ. ಆಗ ಹೇಳ್ರಿ, ಈಕಿನೂ ಮನಿ ಯಜಮಾನಿನೇ: ಡಾಕ್ಟರ್, ಅಲ್ಲಿ ಆಪರೇಷನ್ ಮಾಡಿದ ಮೊದಲ ಹೆಣ್ಮಗಳು, 1910ರಾಗ ಗಂಡ ತೀರಿಕೊಂಡ, ಮಗಳಿನ್ನೂ ಸಣ್ಣಾಕಿ. ಅದೇ ವರ್ಷ ಅಕ್ಟೋಬರ್ 5ಕ್ಕ ರಾಜನ್ನ ಇಳಿಸಿದ ಕ್ರಾಂತಿಗೆ ಗೆಳತಿ ಆದೆಲಾಯ್ದ್ ಕಬೇತಿ ಜೋಡಿ ಕೂತು ಬಾವುಟ ಹೊಲಿದಾಕಿ.

ಕಾಯ್ದೆ ಮಾತಿಗೆ ಬಂದಾಗ ನಿಧಾನ ಮಾಡ್ರಿ, ಕತಿ ಜೀವ ಇರೋದೇ ಇಲ್ಲಿ. 1911ರ ಚುನಾವಣಾ ಕಾಯ್ದೆದಾಗ 21 ದಾಟಿದ, ಓದು ಬರಹ ಬರೋ ಇಲ್ಲಾ ಮನಿತನ ನಡಸೋ ಪೋರ್ಚುಗೀಸರಿಗೆ ವೋಟು ಅಂತಿತ್ತು, ಗಂಡಸರಿಗಷ್ಟೇ ಅಂತ ಬರ್ದಿದ್ದಿಲ್ಲ. ಆ ಭಾಷಾದಾಗ ಪುಲ್ಲಿಂಗದ ಬಹುವಚನದಾಗ ಹೆಣ್ಣೂ ಬರ್ತಾಳ. ಈಕಿ ಅದನ್ನೇ ಹಿಡ್ಕೊಂಡು ಅರ್ಜಿ ಹಾಕಿದ್ಲು, ಆಗಂಗಿಲ್ಲ ಅಂದ್ರು, ಕೋರ್ಟಿಗೆ ಹೋಗಿ ಗೆದ್ದು ಮೇ 28ಕ್ಕ ಲಿಸ್ಬನ್ನಿನಾಗ ವೋಟು ಹಾಕೇ ಬಿಟ್ಲು. ತೀರ್ಪು ಕೊಟ್ಟ ಜಡ್ಜ್ ಸಾಹೇಬರ ಮಗಳು ಆನಾ ದೆ ಕಾಸ್ತ್ರೊ ಓಸೋರಿಯೊನೂ ಇದೇ ಹೋರಾಟದಾಕಿ, ಇದನ್ನ ಮುಚ್ಚಿಡಬ್ಯಾಡ್ರಿ, ಯಾರರ ಎದ್ದು ಕೇಳೋಕಿಂತ ನೀವ ಹೇಳೋದು ಚಲೋ.

ಯುದ್ಧ ಬ್ಯಾಡ, ಆಯುಧ ಕೆಳಗಿಡ್ರಿ ಅನ್ನೋ ಹೆಣ್ಮಕ್ಕಳ ಗುಂಪಿನಾಗೂ ಕಾರೊಲಿನಾ ಇದ್ಲು ಅನ್ನೋದು ಬಿಟ್ಟು ಹೋಗ್ತೈತಿ ನೋಡ್ರಿ.

ವೋಟು ಹಾಕಿ ಐದು ತಿಂಗಳು ತುಂಬೋದ್ರಾಗ, ಅಕ್ಟೋಬರ್ 3ಕ್ಕ, 33ನೇ ವಯಸ್ಸಿಗೇ ತೀರಿಕೊಂಡ್ಲು. 1913ರಾಗ ಕಾಯ್ದೆದಾಗ ‘ಗಂಡಸರು’ ಅಂತ ಸೇರಿಸಿ ಬಾಗಿಲು ಹಾಕಿದ್ರು. ಇದನ್ನ ಹೇಳಿ ಒಂದ್ ಕ್ಷಣ ಸುಮ್ಮನಿರ್ರಿ. ನೀವು ಬಳ್ಳಾರಿಯೋರಾದ್ರ ಇದನ್ನೂ ಸೇರಿಸ್ರಿ, ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಾಗಿತ್ತು, ಅಲ್ಲಿ 1921ರಾಗೇ ಆಸ್ತಿ ಇದ್ದ ಹೆಂಗಸರಿಗೆ ವೋಟು ಕೊಟ್ಟಿದ್ರು.

ಆಮ್ಯಾಲ ಮೈಕ್ ಅವರ ಕೈಗೆ ಕೊಡ್ರಿ, ಮಿರ್ಚಿ ಆರೋದ್ರೊಳಗ.